ಕಾರಿನಲ್ಲಿ ರೇಡಾರ್ ಡಿಟೆಕ್ಟರ್: ಖರೀದಿಸುವ ಮುನ್ನ ವಾಹನ ಮಾಲೀಕರು ತಿಳಿಯಬೇಕಾದ ಸಂಗತಿಗಳು

ರಾಜ್ಯದ ಹೆದ್ದಾರಿಗಳಲ್ಲಿ ವೇಗ ತಪಾಸಣೆ ಹೆಚ್ಚಾದ ನಂತರ, ಪೊಲೀಸರ ವೇಗಮಾಪಕವನ್ನು ಮುಂಚಿತವಾಗಿ ತಿಳಿಸುತ್ತದೆ ಎನ್ನಲಾಗುವ ರೇಡಾರ್ ಡಿಟೆಕ್ಟರ್ ಎಂಬ ಸಾಧನದ ಬಗ್ಗೆ ವಾಹನ ಮಾಲೀಕರಲ್ಲಿ ಆಸಕ್ತಿ ಮೂಡಿದೆ. ಇದನ್ನು ಕಾರಿಗೆ ಅಳವಡಿಸಬಹುದೇ, ಇದಕ್ಕೆ ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿ ಬೇಕೇ, ಯಾವ ಬಗೆಯದು ಉತ್ತಮ ಎಂಬ ಪ್ರಶ್ನೆಗಳನ್ನು ನೋಂದಣಿ ಹಾಗೂ ಚಾಲನಾ ಅನುಜ್ಞಾ ಪತ್ರದ ಸೇವೆಗಳಿಗಾಗಿ ಬರುವ ಸಾರ್ವಜನಿಕರು ಕೇಳುವುದುಂಟು. ಸದರಿ ಸಾಧನವು ಹೇಗೆ ಕೆಲಸ ಮಾಡುತ್ತದೆ, ನಮ್ಮ ರಸ್ತೆಗಳಲ್ಲಿ ಅದರಿಂದ ಎಷ್ಟು ಪ್ರಯೋಜನ, ವೇಗಮಿತಿ ಉಲ್ಲಂಘನೆಯ ನೋಟಿಸ್ ಬಂದಲ್ಲಿ ಮಾಲೀಕರು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಾಧನವು ಕೆಲಸ ಮಾಡುವ ಬಗೆ

ರೇಡಾರ್ ಸ್ಪೀಡ್ ಗನ್ ಒಂದು ನಿಶ್ಚಿತ ಆವರ್ತನದ ರೇಡಿಯೋ ಅಲೆಯನ್ನು ವಾಹನದ ಕಡೆಗೆ ಕಳುಹಿಸುತ್ತದೆ. ಚಲಿಸುತ್ತಿರುವ ವಾಹನಕ್ಕೆ ಬಡಿದು ಹಿಂದಿರುಗುವ ಅಲೆಯ ಆವರ್ತನ ಸ್ವಲ್ಪ ಬದಲಾಗಿರುತ್ತದೆ. ಹತ್ತಿರ ಬರುವ ರೈಲಿನ ಸೀಟಿಯ ಸ್ವರ ಏರಿದಂತೆ, ದೂರ ಹೋಗುವಾಗ ಇಳಿದಂತೆ ಕೇಳುವುದೂ ಇದೇ ಕಾರಣದಿಂದ. ಇದಕ್ಕೆ ಡಾಪ್ಲರ್ ಪರಿಣಾಮವೆಂದು ಹೆಸರು. 24.15 ಗಿಗಾಹರ್ಟ್ಸ್ ಆವರ್ತನದ ಗನ್ ಎದುರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಕಾರು ಸುಮಾರು 4,470 ಹರ್ಟ್ಸ್‌ನಷ್ಟು ಬದಲಾವಣೆಯನ್ನು ಉಂಟುಮಾಡುತ್ತದೆ. ಈ ಅಂತರವನ್ನು ಎಣಿಸಿ ಗನ್ ವೇಗವನ್ನು ತೋರಿಸುತ್ತದೆ.

ಡಿಟೆಕ್ಟರ್ ಎಂಬುದು ಏನನ್ನೂ ಕಳುಹಿಸದ, ಕೇವಲ ಗ್ರಹಿಸುವ ಒಂದು ರೇಡಿಯೋ. ಪೊಲೀಸರ ಗನ್‌ಗೆ ಅಲೆಯು ಹೋಗಿ ಹಿಂದಿರುಗಬೇಕು. ಡಿಟೆಕ್ಟರ್‌ಗೆ ಅಲೆಯು ಒಮ್ಮೆ ತಲುಪಿದರೆ ಸಾಕು. ಆದ್ದರಿಂದ ಸದಾ ಚಾಲನೆಯಲ್ಲಿರುವ ರೇಡಾರ್‌ನ ಇರುವಿಕೆಯನ್ನು ಅದು ತಪಾಸಣೆಯ ವ್ಯಾಪ್ತಿಗೆ ಬರುವ ಮುನ್ನವೇ ಅರಿಯಬಲ್ಲದು. ಈ ಸಾಧನದ ಹೆಸರು ಬೆಳೆದದ್ದು ಈ ಒಂದು ಅನುಕೂಲದಿಂದ. ಆದರೆ ಸಿಬ್ಬಂದಿಯು ಗನ್ ಅನ್ನು ನಿಷ್ಕ್ರಿಯವಾಗಿರಿಸಿ, ನಿಮ್ಮ ವಾಹನ ಎದುರಿಗೆ ಬಂದಾಗ ಮಾತ್ರ ಗುಂಡಿ ಒತ್ತಿದರೆ ಈ ಅನುಕೂಲ ಉಳಿಯುವುದಿಲ್ಲ. ಡಿಟೆಕ್ಟರ್ ಕೂಗುವ ವೇಳೆಗೆ ಅಳತೆ ಮುಗಿದಿರುತ್ತದೆ.

ಸಾಧನಗಳ ನಡುವಿನ ವ್ಯತ್ಯಾಸಗಳು

ಈ ಸಾಧನಗಳನ್ನು ಅವು ಗ್ರಹಿಸುವ ಆವರ್ತನಗಳ ಮೇಲೆ ವಿಂಗಡಿಸಲಾಗುತ್ತದೆ: 10.525 ಗಿಗಾಹರ್ಟ್ಸ್‌ನ ಎಕ್ಸ್ ಬ್ಯಾಂಡ್, 24 ಗಿಗಾಹರ್ಟ್ಸ್ ಆಸುಪಾಸಿನ ಕೆ ಬ್ಯಾಂಡ್ ಹಾಗೂ 33.4ರಿಂದ 36 ಗಿಗಾಹರ್ಟ್ಸ್‌ವರೆಗಿನ ಕೆಎ ಬ್ಯಾಂಡ್. ಇವುಗಳಲ್ಲಿ ಕೆ ಬ್ಯಾಂಡ್‌ನದೇ ದೊಡ್ಡ ತೊಡಕು. ಅಂಗಡಿ, ಆಸ್ಪತ್ರೆಗಳ ತಾನೇ ತೆರೆಯುವ ಬಾಗಿಲುಗಳೂ, ಹಲವು ಕಾರುಗಳ ಹಿಂಬದಿಯ ಪಕ್ಕದ ವಾಹನಗಳನ್ನು ಗುರುತಿಸುವ ಸಂವೇದಕಗಳೂ ಇದೇ ಆವರ್ತನವನ್ನು ಬಳಸುತ್ತವೆ. ಅಗ್ಗದ ಸಾಧನವು ಇವೆಲ್ಲಕ್ಕೂ ಕೂಗುತ್ತದೆ. ಪದೇ ಪದೇ ಸುಳ್ಳು ಎಚ್ಚರಿಕೆ ಕೇಳಿದ ಚಾಲಕರು ಒಂದೆರಡು ವಾರಗಳಲ್ಲಿ ಅದರ ಧ್ವನಿಯನ್ನೇ ನಿಲ್ಲಿಸುತ್ತಾರೆ; ನಂತರ ಅದು ಗಾಜಿಗಂಟಿದ ಒಂದು ಅಲಂಕಾರ ಮಾತ್ರ. ದುಬಾರಿ ಸಾಧನಗಳಲ್ಲಿ ಇಂತಹ ಅಲೆಗಳನ್ನು ಸೋಸುವ ವ್ಯವಸ್ಥೆಯೂ, ಸ್ಥಿರ ಕ್ಯಾಮೆರಾಗಳಿರುವ ಸ್ಥಳಗಳ ಜಿಪಿಎಸ್ ಪಟ್ಟಿಯೂ ಇರುತ್ತವೆ. ವಿದೇಶಿ ರಸ್ತೆಗಳಿಗಾಗಿ ಸಿದ್ಧಪಡಿಸಿದ ಪಟ್ಟಿಯು ನಮ್ಮ ಹೆದ್ದಾರಿಯಲ್ಲಿ ಉಪಯೋಗಕ್ಕೆ ಬಾರದು.

ನಮ್ಮ ರಸ್ತೆಗಳಲ್ಲಿ ಇದರ ಉಪಯೋಗವೆಷ್ಟು?

ಕರ್ನಾಟಕದ ಪೊಲೀಸ್ ಇಂಟರ್‌ಸೆಪ್ಟರ್ ವಾಹನಗಳಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಲೇಸರ್ ಸ್ಪೀಡ್ ಗನ್. ಇದು ರೇಡಿಯೋ ಅಲೆಯಲ್ಲ, ಕಣ್ಣಿಗೆ ಕಾಣದ ಬೆಳಕಿನ ಮಿಡಿತಗಳ ಕಿರಣ. ರೇಡಾರ್‌ನ ಅಲೆಯು ರಸ್ತೆಯಗಲಕ್ಕೆ ಹರಡಿದರೆ, ಲೇಸರ್ ಕಿರಣವು 300 ಮೀಟರ್ ದೂರದಲ್ಲಿಯೂ ಸುಮಾರು ಒಂದು ಮೀಟರ್‌ನಷ್ಟು ಮಾತ್ರ ಅಗಲವಾಗುತ್ತದೆ. ಸಿಬ್ಬಂದಿ ಅದನ್ನು ಸಾಮಾನ್ಯವಾಗಿ ನೋಂದಣಿ ಫಲಕದ ಕಡೆಗೆ ಗುರಿಯಿಡುತ್ತಾರೆ. ಅಳತೆಗೆ ಒಂದು ಸೆಕೆಂಡ್ ಕೂಡ ಬೇಕಾಗುವುದಿಲ್ಲ. ಮುಂದಿನ ಕಾರಿಗೆ ಹಿಡಿದ ಕಿರಣ ನಿಮ್ಮ ಡಿಟೆಕ್ಟರ್‌ಗೆ ತಲುಪುವ ಸಂಭವ ಕಡಿಮೆ. ತಲುಪಿತೆಂದರೆ ಗುರಿಯಾಗಿರುವುದು ನಿಮ್ಮ ವಾಹನವೇ. ಆಗ ಬರುವ ಎಚ್ಚರಿಕೆಯನ್ನು ಎಚ್ಚರಿಕೆ ಎನ್ನುವುದಕ್ಕಿಂತ ಸುದ್ದಿ ಎನ್ನುವುದು ಸರಿ.

ಎರಡನೆಯದು ಸರಾಸರಿ ವೇಗದ ಅಳತೆ. ಹೆದ್ದಾರಿಯ ಎರಡು ಕಡೆಗಳಲ್ಲಿರುವ ಕ್ಯಾಮೆರಾಗಳು ನೋಂದಣಿ ಸಂಖ್ಯೆಯನ್ನು ಓದಿ, ವಾಹನ ದಾಟಿದ ಸಮಯವನ್ನು ದಾಖಲಿಸುತ್ತವೆ. ಉದಾಹರಣೆಗೆ, 25 ಕಿ.ಮೀ. ಅಂತರವನ್ನು ಗಂಟೆಗೆ 100 ಕಿ.ಮೀ. ಮಿತಿಯೊಳಗೆ ಕ್ರಮಿಸಲು 15 ನಿಮಿಷ ಬೇಕು. 12 ನಿಮಿಷದಲ್ಲಿ ಕ್ರಮಿಸಿದ ವಾಹನದ ಸರಾಸರಿ ವೇಗ 125 ಕಿ.ಮೀ. ಕ್ಯಾಮೆರಾ ಕಂಡಲ್ಲಿ ಬ್ರೇಕ್ ಒತ್ತಿ ಮುಂದೆ ಮತ್ತೆ ವೇಗ ಹೆಚ್ಚಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಇಂತಹ ಕ್ಯಾಮೆರಾ ಕೇವಲ ಚಿತ್ರ ತೆಗೆಯುತ್ತದೆ, ರೇಡಾರ್ ಅಲೆ ಕಳುಹಿಸುವುದಿಲ್ಲವಾದ್ದರಿಂದ ಎಷ್ಟೇ ಬೆಲೆಯ ಡಿಟೆಕ್ಟರ್‌ಗೂ ಅದು ತಿಳಿಯುವುದಿಲ್ಲ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಿದುದರಿಂದ ಇಂಟರ್‌ಸೆಪ್ಟರ್‌ಗಳ ಜೊತೆಗೆ ನೋಂದಣಿ ಸಂಖ್ಯೆ ಓದುವ ಕ್ಯಾಮೆರಾಗಳನ್ನೂ ಅಳವಡಿಸಲಾಯಿತು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ ರಿಕ್ಷಾ, ಟ್ರ್ಯಾಕ್ಟರ್‌ಗಳ ಸಂಚಾರವನ್ನು ನಿಷೇಧಿಸಲಾಯಿತು. 2024ರ ಆಗಸ್ಟ್ 1ರಿಂದ ಗಂಟೆಗೆ 130 ಕಿ.ಮೀ. ಮೀರಿದ ಚಾಲಕರ ವಿರುದ್ಧ ದಂಡವಷ್ಟೇ ಅಲ್ಲದೆ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವ ಕ್ರಮವನ್ನು ರಾಜ್ಯ ಪೊಲೀಸರು ಆರಂಭಿಸಿದರು.

ಈ 130ರ ಅಂಕಿಯ ಅರ್ಥವನ್ನು ಲೆಕ್ಕದಿಂದಲೇ ತಿಳಿಯಬಹುದು. ಒಣ ರಸ್ತೆ, ಉತ್ತಮ ಟೈರು, ಚಾಲಕರಿಗೆ ಪ್ರತಿಕ್ರಿಯಿಸಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೆ 100 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 84 ಮೀಟರ್ ಬೇಕು. 130ರ ಕಾರಿಗೆ ಸುಮಾರು 131 ಮೀಟರ್. ಎರಡೂ ಕಾರುಗಳ ಚಾಲಕರು ಒಂದೇ ಜಾಗದಲ್ಲಿ ಅಡ್ಡ ಬಂದ ವ್ಯಕ್ತಿಯನ್ನು ಕಂಡು ಬ್ರೇಕ್ ಒತ್ತಿದರು ಎನ್ನೋಣ. ಮೊದಲ ಕಾರು ಪೂರ್ತಿ ನಿಂತ ಸ್ಥಳವನ್ನು ಎರಡನೆಯ ಕಾರು ಇನ್ನೂ ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತದೆ. ರಸ್ತೆಯ ಬೇಲಿ ದಾಟಿ ಪಕ್ಕದ ಊರಿಗೆ ಹೋಗುತ್ತಿರುವವರ ಇರುವಿಕೆಯನ್ನು ತಿಳಿಸುವ ಡಿಟೆಕ್ಟರ್ ಯಾವುದೂ ಮಾರಾಟಕ್ಕಿಲ್ಲ.

ಅನುಮತಿ ಮತ್ತು ಕಾನೂನು

ವಾಹನದ ನೋಂದಣಿ ಪ್ರಮಾಣಪತ್ರದಲ್ಲಿ ರೇಡಾರ್ ಡಿಟೆಕ್ಟರ್‌ಗೆ ಸಂಬಂಧಿಸಿದ ಯಾವುದೇ ನಮೂದು ಇರುವುದಿಲ್ಲ. ಆದುದರಿಂದ "ಆರ್.ಟಿ.ಓ. ಅನುಮೋದಿತ" ಎಂದು ಹೇಳಿ ಇದನ್ನು ಮಾರುವವರ ಮಾತನ್ನು ನಂಬತಕ್ಕದ್ದಲ್ಲ. ಸಾಧನ ಜೊತೆಯಲ್ಲಿರುವುದು ವೇಗಮಿತಿ ಉಲ್ಲಂಘನೆಗೆ ರಕ್ಷಣೆಯೂ ಆಗುವುದಿಲ್ಲ.

ಡಿಟೆಕ್ಟರ್ ಹಾಗೂ ಜಾಮರ್ ಒಂದೇ ಅಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಜಾಮರ್ ಎಂಬುದು ತಾನೇ ಸಂಕೇತವನ್ನು ಹೊರಸೂಸಿ ಬೇರೊಂದು ಸಾಧನದ ಕೆಲಸವನ್ನು ಕೆಡಿಸುತ್ತದೆ. ಭಾರತ ಸರ್ಕಾರದ ನಿರ್ದಿಷ್ಟ ಅನುಮತಿ ಇಲ್ಲದೆ ಸಿಗ್ನಲ್ ಜಾಮರ್, ಜಿಪಿಎಸ್ ಬ್ಲಾಕರ್ ಮುಂತಾದವುಗಳನ್ನು ಬಳಸುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆಯು 2022ರ ಜುಲೈನಲ್ಲಿ ಪ್ರಕಟಣೆ ಹೊರಡಿಸಿದೆ. ಎರಡೂ ಕೆಲಸ ಮಾಡುತ್ತದೆಂದು ಮಾರಲಾಗುವ ಸಾಧನವನ್ನು ಖರೀದಿಸದಿರುವುದು ಕ್ಷೇಮ.

ಮೋಟಾರು ವಾಹನಗಳ ಅಧಿನಿಯಮ, 1988ರ 112ನೇ ಕಲಂ ವೇಗಮಿತಿಯನ್ನು ಕುರಿತದ್ದು. ಉಲ್ಲಂಘನೆಗೆ ಶಿಕ್ಷೆ 183ನೇ ಕಲಂನಲ್ಲಿದೆ. 2019ರ ತಿದ್ದುಪಡಿಯಂತೆ ಲಘು ಮೋಟಾರು ವಾಹನಕ್ಕೆ ರೂ. 1,000ದಿಂದ 2,000, ಮಧ್ಯಮ ಹಾಗೂ ಭಾರಿ ವಾಹನಗಳಿಗೆ ರೂ. 2,000ದಿಂದ 4,000 ದಂಡ ವಿಧಿಸಬಹುದು. ಎರಡನೆಯ ಬಾರಿಯ ಅಪರಾಧಕ್ಕೆ ಚಾಲನಾ ಅನುಜ್ಞಾ ಪತ್ರವನ್ನು ವಶಪಡಿಸಿಕೊಳ್ಳಲು ಅವಕಾಶವಿದೆ.

ಇದೇ 183ನೇ ಕಲಂನ ಮೂರನೇ ಉಪಕಲಂ ಸಾರ್ವಜನಿಕರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಸಾಧನದ ಅಳತೆಯ ಆಧಾರವಿಲ್ಲದೆ, ವಾಹನ ವೇಗವಾಗಿತ್ತು ಎಂಬ ಒಬ್ಬರೇ ಸಾಕ್ಷಿಯ ಅಭಿಪ್ರಾಯದ ಮೇಲೆ ಮಾತ್ರ ಯಾರನ್ನೂ ಅಪರಾಧಿ ಎಂದು ತೀರ್ಮಾನಿಸುವಂತಿಲ್ಲ. ಎಂದರೆ ಸ್ಪೀಡ್ ಗನ್ ಇಲಾಖೆಯ ಆಯುಧವಷ್ಟೇ ಅಲ್ಲ. ಕೇವಲ ಅಂದಾಜಿನ ಮೇಲೆ ದಂಡ ತೆರಬೇಕಾದ ಪರಿಸ್ಥಿತಿಯಿಂದ ಚಾಲಕರನ್ನು ಕಾಪಾಡುವುದೂ ಅದೇ.

ಈ ಸಾಧನಗಳಿಗೂ ನಿಯಮಗಳಿವೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ಸೇರಿಸಲಾದ 167ಎ ನಿಯಮವು, ವೇಗಮಾಪಕ ಸಾಧನಗಳು ಸರಿಯಾಗಿ ಕೆಲಸ ಮಾಡುತ್ತಿರುವ ಬಗ್ಗೆ ಅನುಮೋದನಾ ಪ್ರಮಾಣಪತ್ರವಿರಬೇಕು, ಅದನ್ನು ಪ್ರತಿವರ್ಷ ನವೀಕರಿಸಬೇಕು ಎಂದು ವಿಧಿಸಿತು. ಇಂತಹ ಸಾಧನಗಳಿರುವ ರಸ್ತೆಭಾಗಕ್ಕೆ ಮುನ್ನ ಎದ್ದುಕಾಣುವಂತೆ ಎಚ್ಚರಿಕೆ ಫಲಕ ಹಾಕಬೇಕೆಂಬುದೂ ಅದೇ ನಿಯಮದಲ್ಲಿದೆ. ಸಾವಿರಾರು ರೂಪಾಯಿ ಕೊಟ್ಟು ಪಡೆಯಬಯಸುವ ಮಾಹಿತಿಯು ರಸ್ತೆಬದಿಯಲ್ಲಿ ಉಚಿತವಾಗಿಯೇ ದೊರೆಯುತ್ತದೆ.

ವಿದೇಶಕ್ಕೆ ತೆರಳುವವರಿಗೆ

ಅಂತರರಾಷ್ಟ್ರೀಯ ಚಾಲನಾ ಅನುಜ್ಞಾ ಪತ್ರಕ್ಕೆ ಅರ್ಜಿ ಸಲ್ಲಿಸುವವರು ಈ ವಿಷಯವನ್ನು ತಪ್ಪದೆ ಗಮನಿಸುವುದು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಖಾಸಗಿ ಕಾರಿನಲ್ಲಿ ರೇಡಾರ್ ಡಿಟೆಕ್ಟರ್ ಬಳಸಬಹುದಾದರೂ ವರ್ಜೀನಿಯಾ ರಾಜ್ಯ ಹಾಗೂ ರಾಜಧಾನಿ ವಾಷಿಂಗ್ಟನ್‌ನಲ್ಲಿ ಅದು ನಿಷಿದ್ಧ. ಈ ಎರಡೂ ಪ್ರದೇಶಗಳು ಒಂದಕ್ಕೊಂದು ಹೊಂದಿಕೊಂಡಿವೆ; ಮೇರಿಲ್ಯಾಂಡ್ ಕಡೆಯಿಂದ ಬರುವವರು ಗಡಿ ದಾಟಿದ್ದು ತಿಳಿಯದೆಯೇ ತಪ್ಪಿಗೆ ಸಿಲುಕಬಹುದು. ಭಾರಿ ವಾಣಿಜ್ಯ ವಾಹನಗಳಲ್ಲಿ ಅಮೆರಿಕದಾದ್ಯಂತ ನಿಷೇಧವಿದೆ. ಕೆನಡಾದ ಒಂಟಾರಿಯೋ, ಕ್ವಿಬೆಕ್ ಪ್ರಾಂತ್ಯಗಳಲ್ಲೂ, ಫ್ರಾನ್ಸ್‌ನಲ್ಲೂ ಇದನ್ನು ಬಳಸುವಂತಿಲ್ಲ. ಸಂಬಂಧಿಕರು, ಸ್ನೇಹಿತರು ಕೊಟ್ಟ ಕಾರಿನಲ್ಲಿ ಮೊದಲೇ ಅಳವಡಿಸಿದ್ದರೂ ಹೊಣೆ ಚಾಲಕರ ಮೇಲೆ ಬರುವ ಸಾಧ್ಯತೆಯಿದೆ. ಬಾಡಿಗೆ ಕಾರನ್ನು ಪಡೆಯುವ ಮುನ್ನ ಆಯಾ ಸ್ಥಳದ ಕಾನೂನನ್ನು ವಿಚಾರಿಸಿಕೊಳ್ಳುವುದು.

ನೋಟಿಸ್ ಬಂದಲ್ಲಿ

ನೋಟಿಸ್‌ನಲ್ಲಿ ವಾಹನದ ಹಾಗೂ ನೋಂದಣಿ ಫಲಕದ ಸ್ಪಷ್ಟ ಚಿತ್ರ, ಅಳೆದ ವೇಗ, ದಿನಾಂಕ, ಸಮಯ, ಸ್ಥಳ ಹಾಗೂ ಉಲ್ಲಂಘಿಸಿದ ಕಲಂ ಇವೆಯೇ ಎಂದು ಮೊದಲು ನೋಡಿ. ಚಿತ್ರದಲ್ಲಿರುವುದು ನಿಮ್ಮ ವಾಹನವೇ ಎಂಬುದನ್ನು ಬಣ್ಣ, ಮಾದರಿ ಸಹಿತ ಹೋಲಿಸಿ ನೋಡಿ. ಒಂದು ಅಕ್ಷರ ತಪ್ಪಾಗಿ ಓದಿದ್ದರಿಂದಲೋ, ನಕಲಿ ಫಲಕದಿಂದಲೋ ಬೇರೆಯವರ ತಪ್ಪಿಗೆ ನಿಮಗೆ ನೋಟಿಸ್ ಬಂದಿರುವ ಸಾಧ್ಯತೆ ಇರುತ್ತದೆ. ಹಾಗಿದ್ದಲ್ಲಿ ದಂಡ ಪಾವತಿಸಿ ಕೈತೊಳೆದುಕೊಳ್ಳದೆ, ನೋಂದಣಿ ಪ್ರಮಾಣಪತ್ರ ಹಾಗೂ ವಾಹನದ ಚಿತ್ರದೊಂದಿಗೆ ನೋಟಿಸ್ ನೀಡಿದ ಪ್ರಾಧಿಕಾರಕ್ಕೆ ಆಕ್ಷೇಪಣೆ ಸಲ್ಲಿಸತಕ್ಕದ್ದು. ನಕಲಿ ಫಲಕದ ಸಂಶಯವಿದ್ದಲ್ಲಿ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡುವುದು ಅಗತ್ಯ.

"ನನ್ನ ಕಾರಿನ ಮೀಟರ್ ಕಡಿಮೆ ತೋರಿಸುತ್ತಿತ್ತು" ಎಂಬ ಕಾರಣ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡದಂತೆ ಕಾರಿನ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದೇ ಹೊರತು ಕಡಿಮೆ ತೋರಿಸಕೂಡದು. ಮೂಲ ಅಳತೆಗಿಂತ ದೊಡ್ಡ ಟೈರುಗಳನ್ನು ಹಾಕಿಸಿದ್ದರೆ ಮಾತ್ರ ಈ ಲೆಕ್ಕ ತಲೆಕೆಳಗಾಗಬಹುದು. ಅದು ಮಾಲೀಕರದೇ ಹೊಣೆ. ರಸ್ತೆಬದಿಯಲ್ಲಿ ನಿಂತು ಓರೆಯಾಗಿ ಹಿಡಿದ ಗನ್ ಕೂಡ ನಿಜವಾದ ವೇಗಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ. 20 ಡಿಗ್ರಿ ಓರೆಯಿದ್ದಲ್ಲಿ 100 ಕಿ.ಮೀ. ವೇಗವು 94 ಎಂದು ದಾಖಲಾಗುತ್ತದೆ.

ವಾಹನವನ್ನು ಬೇರೆಯವರು ಚಲಾಯಿಸುತ್ತಿದ್ದರೆ, ಅಧಿಕಾರಿ ಕೇಳಿದಾಗ ಅವರ ಹೆಸರು, ವಿಳಾಸ ಹಾಗೂ ಅನುಜ್ಞಾ ಪತ್ರದ ವಿವರ ನೀಡುವುದು 133ನೇ ಕಲಂ ಅಡಿಯಲ್ಲಿ ಮಾಲೀಕರ ಕರ್ತವ್ಯ. ಬಾಕಿ ಉಳಿದ ಪ್ರಕರಣಗಳಿಂದ ಮಾಲೀಕತ್ವ ವರ್ಗಾವಣೆ, ನಿರಾಕ್ಷೇಪಣಾ ಪತ್ರ ಮುಂತಾದ ಸೇವೆಗಳಿಗೆ ತಡೆಯುಂಟಾಗಬಹುದಾದ್ದರಿಂದ, ಅರ್ಜಿ ಸಲ್ಲಿಸುವ ಮುನ್ನ ಇ-ಚಲನ್ ಜಾಲತಾಣದಲ್ಲಿ ವಾಹನದ ಸಂಖ್ಯೆಯನ್ನು ಪರಿಶೀಲಿಸಿಕೊಳ್ಳುವುದು.

ನೋಟಿಸ್ ತಲುಪದೇ ಇರಲು ಮುಖ್ಯ ಕಾರಣ ಹಳೆಯ ವಿಳಾಸ ಮತ್ತು ಬಳಕೆಯಲ್ಲಿಲ್ಲದ ಮೊಬೈಲ್ ಸಂಖ್ಯೆ. ವಿಳಾಸ ಬದಲಾದ 30 ದಿನಗಳೊಳಗೆ ನಮೂನೆ 33ರಲ್ಲಿ ತಿಳಿಸಬೇಕು. ಕಾರನ್ನು ಮಾರಿದವರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ನಮೂನೆ 29ರಲ್ಲಿ ವರದಿ ಮಾಡಬೇಕು. ಕೊಂಡವರು 30 ದಿನಗಳೊಳಗೆ ನಮೂನೆ 30ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಇದು ಆಗುವವರೆಗೆ ಕೊಂಡವರು ಎಷ್ಟೇ ವೇಗವಾಗಿ ಓಡಿಸಿದರೂ ಕ್ಯಾಮೆರಾದ ನೋಟಿಸ್ ಹೋಗುವುದು ಮಾರಿದವರ ಮನೆಗೆ.