ಗಾಳಿಯಲ್ಲಿ ನಿಲ್ಲಿಸುವ ವಿದ್ಯೆ

ನಮ್ಮ ಬಂಧುಗಳ ಮನೆಯ ಹುಡುಗನೊಬ್ಬನು ಬೇಸಿಗೆ ರಜೆಯಲ್ಲಿ ತಾನು ಕೂಡಿಟ್ಟ ಹಣವನ್ನೆಲ್ಲ ಸುರಿದು ರೇಡಿಯೊ ನಿಯಂತ್ರಿತ ಮಾದರಿ ಹೆಲಿಕಾಪ್ಟರೊಂದನ್ನು ತರಿಸಿಕೊಂಡನು. ಮೊದಲ ದಿನವೇ ಅದು ಆಳೆತ್ತರ ಏರಿ, ಪಕ್ಕಕ್ಕೆ ವಾಲಿ, ಹೊಲದ ಬದುವಿಗೆ ಬಡಿದು ಮುರಿಯಿತು. ಆಟಿಕೆಗೆ ಇಷ್ಟು ಹಣವೇ ಎಂದು ಮನೆಯವರು ನೊಂದುಕೊಂಡರು. ನಾವೂ ಅವರ ಪಕ್ಷವನ್ನೇ ವಹಿಸಿದ್ದೆವು. ಆದರೆ ಈ ಯಂತ್ರದ ವಿಚಾರ ತಿಳಿಯುತ್ತ ಹೋದಂತೆ, ತಪ್ಪು ಹುಡುಗನ ಅವಸರದಲ್ಲಿತ್ತೇ ಹೊರತು ಅವನ ಆಸೆಯಲ್ಲಿರಲಿಲ್ಲವೆಂದು ನಮಗೆ ಮನವರಿಕೆಯಾಯಿತು.

ಮಾದರಿ ವಿಮಾನಕ್ಕೆ ಒಂದಿಷ್ಟು ಸಹಜ ಸ್ಥಿರತೆಯುಂಟು. ಕೈಬಿಟ್ಟರೂ ಕೊಂಚ ದೂರ ನೆಟ್ಟಗೆ ಸಾಗೀತು. ಹೆಲಿಕಾಪ್ಟರಿಗೆ ಆ ಗುಣವಿಲ್ಲ. ಅದನ್ನು ಗಾಳಿಯಲ್ಲಿ ಒಂದೆಡೆ ನಿಲ್ಲಿಸುವುದೆಂದರೆ ಬೋರಲು ಹಾಕಿದ ಬಟ್ಟಲಿನ ಮೇಲೆ ಗೋಲಿಯನ್ನು ನಿಲ್ಲಿಸಿದಂತೆ. ಈ ತೊಡಕನ್ನು ಬಿಡಿಸಿದವರಲ್ಲಿ ಜರ್ಮನಿಯ ಡೀಟರ್ ಶ್ಲೂಟರ್ ಪ್ರಮುಖರು. ಮುಖ್ಯ ರೆಕ್ಕೆಗಳಿಗೆ ಅಡ್ಡಲಾಗಿ ಅವುಗಳ ಜೊತೆಗೇ ತಿರುಗುವ ಒಂದು ಸ್ಥಿರತಾ ದಂಡವು ಯಂತ್ರದ ಚಾಂಚಲ್ಯವನ್ನು ತಗ್ಗಿಸಿತು. 1970ರಲ್ಲಿ ಅವರ ಮಾದರಿಯು 11.5 ಕಿಲೋಮೀಟರ್ ದೂರ ಹಾರಿ ದಾಖಲೆ ಮಾಡಿತು. ಇಂದು ಆ ದಂಡದ ಕೆಲಸವನ್ನು ಬಹುಮಟ್ಟಿಗೆ ವಿದ್ಯುನ್ಮಾನ ಜೈರೊಗಳು ವಹಿಸಿಕೊಂಡಿವೆ. ಆದರೂ ಕೈಯ ಸಾಧನೆಗೆ ಬದಲಿಯಿಲ್ಲ.

ಕಲಿಕೆಯ ಕ್ರಮ ಹೀಗಿದೆ. ಮೊದಲು ಯಂತ್ರದ ಬಾಲ ನಮ್ಮ ಕಡೆಗಿರಬೇಕು. ಕಾಲ್ದಂಡಿಗಳ ಕೆಳಗೆ ತುದಿಯಲ್ಲಿ ಚೆಂಡುಗಳಿರುವ ಉದ್ದನೆಯ ಕಡ್ಡಿಗಳನ್ನು ಅಡ್ಡಡ್ಡವಾಗಿ ಕಟ್ಟುತ್ತಾರೆ. ಇಳಿಯುವಾಗ ಮಗುಚದಿರಲಿ ಎಂದು. ನೆಲ ಬಿಟ್ಟು ಕೊಂಚ ಮೇಲೆ, ಒಂದೇ ಜಾಗದಲ್ಲಿ ನಿಲ್ಲಿಸುವುದೇ ಮೊದಲ ಪಾಠ. ನೋಡುವವರಿಗೆ ಇದರಲ್ಲಿ ಯಾವ ಸೊಗಸೂ ಕಾಣದು. ಹಾರಿಸುವವನ ಹೆಬ್ಬೆರಳುಗಳು ಮಾತ್ರ ಒಂದು ಕ್ಷಣವೂ ಸುಮ್ಮನಿರುವಂತಿಲ್ಲ. ಯಂತ್ರ ಸರಿದದ್ದು ಕಂಡ ಮೇಲೆ ತಿದ್ದಿದರೆ ತಡವಾಯಿತೆಂದೇ ಅರ್ಥ; ವಾಲತೊಡಗಿದಾಗಲೇ ತಿದ್ದಬೇಕು, ತಿದ್ದಿದ್ದು ಹೆಚ್ಚಾಗದಂತೆ ಮತ್ತೆ ಹಿಂದೆಗೆಯಬೇಕು.

ಅನಂತರ ಪಕ್ಕಕ್ಕೆ ತಿರುಗಿಸಿ ನಿಲ್ಲಿಸುವುದು. ಆಮೇಲೆ ಬರುವುದೇ ನಿಜವಾದ ಪರೀಕ್ಷೆ. ಯಂತ್ರದ ಮೂತಿ ನಮ್ಮ ಕಡೆ ತಿರುಗಿದೊಡನೆ ಎಡಬಲಗಳು ಅದಲುಬದಲಾಗುತ್ತವೆ. ಬಲಕ್ಕೆ ಒತ್ತಿದರೆ ಅದು ನಮ್ಮ ಕಣ್ಣಿಗೆ ಎಡಕ್ಕೆ ಹೋಗುತ್ತದೆ. ಮುಂದಕ್ಕೆ ಒತ್ತಿದರೆ ನಮ್ಮ ಮೇಲೆಯೇ ಬರುತ್ತದೆ. ಯೋಚಿಸಿ ಲೆಕ್ಕ ಹಾಕುವಷ್ಟು ಸಮಯ ಅಲ್ಲಿಲ್ಲ. ತಾನೇ ಆ ಯಂತ್ರದೊಳಗೆ ಕುಳಿತಿರುವಂತೆ ಭಾವಿಸುವ ಅಭ್ಯಾಸ ಬರುವವರೆಗೆ ಅನೇಕರು ಕಂಪ್ಯೂಟರಿನ ಅಣಕು ಹಾರಾಟದಲ್ಲೇ ತಿಂಗಳುಗಟ್ಟಲೆ ಸಾಧನೆ ಮಾಡುತ್ತಾರೆ. ಅಲ್ಲಿ ಎಷ್ಟು ಬಾರಿ ಬಿದ್ದರೂ ಖರ್ಚಿಲ್ಲವೆಂಬುದು ಪಾಲಕರಿಗೆ ಸಮಾಧಾನದ ಸಂಗತಿ!

ಇಷ್ಟು ಕೈವಶವಾದ ಮೇಲೆಯೇ ಸುತ್ತು, ಉರುಳು, ಲಾಗಗಳ ಮಾತು. ಈ ಮಾದರಿಗಳ ರೆಕ್ಕೆಗಳ ಕೋನವನ್ನು ಮೇಲ್ಮುಖವಾಗಿಯೂ ಕೆಳಮುಖವಾಗಿಯೂ ಹೆಚ್ಚುಕಡಿಮೆ ಸಮಾನವಾಗಿ ತಿರುಗಿಸಬಹುದು. ಆದ್ದರಿಂದ, ಜನರು ಕೂರುವ ಹೆಲಿಕಾಪ್ಟರುಗಳು ಮಾಡಲಾರದಂತಹ ತಲೆಕೆಳಗಾದ ನಿಲುವು ಇವಕ್ಕೆ ಸಾಧ್ಯ. ಅಮೆರಿಕದ ಕರ್ಟಿಸ್ ಯಂಗ್‌ಬ್ಲಡ್ ಅವರು ಇಂತಹ ಹಾರಾಟಕ್ಕೆ ಹೆಸರಾದವರು. 1993ರಲ್ಲಿ ವಿಶ್ವ ಚಾಂಪಿಯನ್ನರೂ ಆದರು. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ ಈ ಸ್ಪರ್ಧೆಯಲ್ಲಿ ಲಾಗಗಳಿಗೆ ಮಾತ್ರವಲ್ಲ, ಅಲುಗದೆ ನಿಲ್ಲುವುದಕ್ಕೂ ಅಂಕಗಳುಂಟು.

ನಮ್ಮ ಮನಸ್ಸನ್ನು ಹೆಚ್ಚು ಸೆಳೆದದ್ದು ಇನ್ನೊಂದು ಕೌಶಲ. ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಇಳಿಸುವುದು. ಬೀಳುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಿರುತ್ತದೆ. ನೆಲ ಸಮೀಪಿಸಿದಾಗ ರೆಕ್ಕೆಯ ಕೋನವನ್ನು ಹೆಚ್ಚಿಸಿ, ಆ ವೇಗದಲ್ಲಿ ಅಡಗಿದ ಶಕ್ತಿಯನ್ನು ಒಮ್ಮೆಗೇ ಬಳಸಬೇಕು. ಬೇಗ ಬಳಸಿದರೆ ಎತ್ತರದಲ್ಲೇ ಬರಿದಾಗುತ್ತದೆ. ತಡವಾದರೆ ನೆಲವೇ ಎದುರಾಗುತ್ತದೆ. ಎರಡನೆಯ ಅವಕಾಶವಿಲ್ಲ.

ಇನ್ನು ಅಪಾಯದ ಮಾತು. 600 ಮಿಲಿಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್ ಆಗುತ್ತದೆ. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಪ್ರದೇಶದ ಉದ್ಯಾನವೊಂದರಲ್ಲಿ 19 ವರ್ಷದ ತರುಣನೊಬ್ಬ ತನ್ನದೇ ಮಾದರಿಯ ಹೊಡೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ. ಅವನು ಅನನುಭವಿಯೇನೂ ಆಗಿರಲಿಲ್ಲ. ಮನೆಯಂಗಳ, ಜನರಿರುವ ಬಯಲು, ವಿಮಾನ ನಿಲ್ದಾಣದ ಆಸುಪಾಸು ಇವು ಯಾವುವೂ ಇದಕ್ಕೆ ತಕ್ಕ ಸ್ಥಳಗಳಲ್ಲ. ಕಲಿಯುವ ಮಗುವಿನ ಪಕ್ಕದಲ್ಲಿ ಅನುಭವಸ್ಥರೊಬ್ಬರು ಇರಲೇಬೇಕು. ತಮ್ಮಂದಿರು ತಂಗಿಯರು ದೂರ ನಿಲ್ಲಬೇಕು. ಇದರಲ್ಲಿ ದಾಕ್ಷಿಣ್ಯ ಸಲ್ಲದು.

ನಮ್ಮ ಬಂಧುಗಳ ಹುಡುಗ ಮುರಿದ ಭಾಗಗಳನ್ನು ಒಂದೊಂದಾಗಿ ತರಿಸಿ ತಾನೇ ಜೋಡಿಸಿದನು. ಮೊನ್ನೆ ನಾವು ಹೋದಾಗ, ಕೊಯ್ಲಾದ ಹೊಲದಲ್ಲಿ ಅವನ ಹೆಲಿಕಾಪ್ಟರು ಸೊಂಟದೆತ್ತರದಲ್ಲಿ ನಿಂತಿತ್ತು. ದೂರದ ಬದುವಿನ ಮೇಲೆ ಕುಳಿತಿದ್ದ ತಾಯಿ, ಅದು ಇಳಿದ ಮೇಲೆ, "ತಲೆಕೆಳಗ ಯಾವಾಗ ಹಾರಸ್ತೀಯೋ?" ಎಂದು ಕೂಗಿ ಕೇಳಿದರು.

"ತಡಿ ಅವ್ವಾ, ಮೂತಿ ಈ ಕಡೆ ಬಂದ್ರ ಇನ್ನೂ ಕೈ ನಡಗತಾವ" ಎಂದನು.