ನಮ್ಮ ಹೋಟೆಲಿನ ಬರ್ಗರಿಗೆ ಎಂಥ ಬನ್ನು ಬೇಕು?

ಹೈದರಾಬಾದಿನ ನಮ್ಮ ಉಡುಪಿ ಹೋಟೆಲುಗಳಿಗೆ ಸಂಜೆ ಹೊತ್ತು ಅಪ್ಪ ಅಮ್ಮನ ಜೊತೆ ಬರುವ ಮಕ್ಕಳು ದೋಸೆಗಿಂತ ಮೊದಲು ಬರ್ಗರ್ ಕೇಳುತ್ತಾರೆ. ಇಲ್ಲವೆಂದರೆ ಮನೆಮಂದಿಯೆಲ್ಲ ಬೇರೆ ಕಡೆ ಹೋಗುತ್ತಾರೆ. ಆ ಟೇಬಲಿನ ಎರಡು ಕಾಫಿ, ಒಂದು ಮಸಾಲೆ ದೋಸೆಯೂ ಹೋಯಿತೆಂದೇ ಲೆಕ್ಕ. ಹೀಗಾಗಿ ಸದಸ್ಯರಲ್ಲಿ ಹಲವರು ಬರ್ಗರ್ ಶುರು ಮಾಡಿದ್ದಾರೆ. ಪ್ಯಾಟಿಯ ಚಿಂತೆ ನಮಗಿಲ್ಲ, ಕಟ್ಲೆಟ್ ಮಾಡಿ ಗೊತ್ತಿರುವ ಭಟ್ಟರಿಗೆ ಅದು ಕಷ್ಟವಲ್ಲ. ಬನ್ನನ್ನು ಮಾತ್ರ ಬೇಕರಿಯಲ್ಲಿ ಸಿಕ್ಕಿದ್ದನ್ನು ತರಿಸಿಬಿಡುತ್ತೇವೆ. ಪ್ಲೇಟು ಅರ್ಧಕ್ಕೆ ವಾಪಸು ಬರುವುದು ಹೆಚ್ಚಾಗಿ ಈ ಬನ್ನಿನಿಂದಲೇ.

(ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ 'ಬನ್ಸ್' ಎಂದರೆ ಬಾಳೆಹಣ್ಣು, ಮೈದಾ ಕಲಸಿ ಎಣ್ಣೆಯಲ್ಲಿ ಕರಿದ ಮಂಗಳೂರು ಬನ್ಸ್. ನಾನಿಲ್ಲಿ ಹೇಳುತ್ತಿರುವುದು ಬೇಕರಿ ಬನ್ನಿನ ವಿಷಯ.)

ಅಮೆರಿಕದ ಹ್ಯಾಂಬರ್ಗರಿನೊಳಗೆ ಇರುವುದು ದನದ ಮಾಂಸದ ಕೈಮಾ. ಕಾವಲಿಯ ಮೇಲೆ ಅದು ಕುಗ್ಗುತ್ತದೆ, ರಸ ಬಿಡುತ್ತದೆ, ಬೆಂದ ಮೇಲೆ ಗಟ್ಟಿಯಾಗಿಯೇ ಇರುತ್ತದೆ. ಅಲ್ಲಿಯವರು ಬನ್ನು ಆರಿಸುವಾಗ ರಸ ಕುಡಿದರೂ ಹರಿಯಬಾರದೆಂದು ನೋಡುತ್ತಾರೆ. ನಮ್ಮ ಆಲೂಗಡ್ಡೆ, ಬಟಾಣಿಯ ಪ್ಯಾಟಿ ಕುಗ್ಗುವುದಿಲ್ಲ, ರಸವನ್ನೂ ಬಿಡುವುದಿಲ್ಲ, ಆದರೆ ಒಳಗೆ ಮೆತ್ತಗೆ. ಬನ್ನು ಗಟ್ಟಿಯಿದ್ದರೆ ಗಿರಾಕಿ ಹಲ್ಲಿನಿಂದ ಒತ್ತಬೇಕಾಗುತ್ತದೆ. ಬನ್ನು ತುಂಡಾಗುವ ಮೊದಲೇ ಪ್ಯಾಟಿ ಹಿಂದಿನಿಂದ ಜಾರಿ ಮಡಿಲಿಗೆ ಬೀಳುತ್ತದೆ. ಆದ್ದರಿಂದ ನಮಗೆ ಬೇಕಾದದ್ದು ಪ್ಯಾಟಿಗಿಂತ ಮೆತ್ತಗಿರುವ ಬನ್ನು. 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದ ಮ್ಯಾಕ್‌ಡೊನಾಲ್ಡ್ಸ್‌ನವರೂ ಆಲೂ ಟಿಕ್ಕಿಯನ್ನು ಮೆತ್ತನೆಯ ಬನ್ನಿನಲ್ಲೇ ಕೊಡುತ್ತಾರೆ.

ಈ ಊರಿನಲ್ಲಿ ಬೇಕರಿಗಳಿಗೇನೂ ಬರವಿಲ್ಲ. ಆದರೆ ಇರಾನಿ ಚಾಯ್ ಜೊತೆ ಕೊಡುವ ಬನ್ನು ಮಸ್ಕಾ ಹಚ್ಚಿ ತಿನ್ನಲು ಮಾಡಿದ್ದು, ಸಿಹಿ ಜಾಸ್ತಿ. ಹಸಿಮೆಣಸಿನ ಪ್ಯಾಟಿಗೆ ಆ ಸಿಹಿ ಹೊಂದುವುದಿಲ್ಲ. ಪಾವನ್ನು ಒಂದಕ್ಕೊಂದು ಅಂಟಿಸಿ ಬೇಯಿಸುತ್ತಾರೆ, ಬಿಡಿಸಿದಾಗ ಬದಿಗೆ ಸಿಪ್ಪೆ ಇರುವುದಿಲ್ಲ. ಒಣ ಚಟ್ನಿಯ ವಡಾ ಪಾವಿಗೆ ಅದು ಸರಿ, ಸಾಸು ಬಿದ್ದರೆ ಐದು ನಿಮಿಷಕ್ಕೆ ಮುದ್ದೆ. ಬ್ರಿಯೋಶ್ ಬನ್ನು ನೋಡಲು ಚೆನ್ನ, ಆದರೆ ಅದು ಮೊಟ್ಟೆ ಮತ್ತು ಬೆಣ್ಣೆಯಿಂದಲೇ ಆಗುವ ಪದಾರ್ಥ. ನಮಗೆ ಬೇಡ.

ಮೊಟ್ಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬನ್ನಿನ ಹಿಟ್ಟಿನಲ್ಲಿ ಮೊಟ್ಟೆ ಇಲ್ಲದಿದ್ದರೂ ಮೇಲೆ ಹೊಳಪು ಬರಲೆಂದು ಬೇಯಿಸುವ ಮುಂಚೆ ಮೊಟ್ಟೆ ಸವರುವ ಪದ್ಧತಿ ಬೇಕರಿಗಳಲ್ಲಿ ಇದೆ. 'ಮೊಟ್ಟೆ ಹಾಕುತ್ತೀರಾ' ಎಂದು ಕೇಳಿದರೆ ಬೇಕರಿಯ ಹುಡುಗ 'ಇಲ್ಲ' ಎನ್ನುತ್ತಾನೆ. ಅವನು ಸುಳ್ಳು ಹೇಳಿದ್ದಲ್ಲ, ಹಾಕುವುದು ಬೇರೆ, ಸವರುವುದು ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಕೇಳಿ. ಬ್ರಷ್ಷು ಬೇರೆಯೋ ಎಂದೂ ಕೇಳಿ. ಸಾಧ್ಯವಾದರೆ ಬೆಳಗಿನ ಜಾವ ಒಮ್ಮೆ ಹೋಗಿ ನೋಡಿ ಬನ್ನಿ. ಹಾಲು ಸವರಿದರೆ ಬಣ್ಣ ಬರುತ್ತದೆ, ಎಳ್ಳೂ ಅಂಟುತ್ತದೆ. ಒಲೆಯಿಂದ ತೆಗೆದ ಕೂಡಲೇ ಬೆಣ್ಣೆ ಸವರಿದರೆ ಹೊಳಪೂ ಬರುತ್ತದೆ, ಸಿಪ್ಪೆಯೂ ಮೆತ್ತಗಾಗುತ್ತದೆ. 2024ರ ಅಕ್ಟೋಬರಿನಲ್ಲಿ ತೆಲಂಗಾಣ ಸರ್ಕಾರ ಹಸಿಮೊಟ್ಟೆಯ ಮೇಯನೀಸನ್ನು ಒಂದು ವರ್ಷಕ್ಕೆ ನಿಷೇಧಿಸಿದಾಗ ಗಿರಾಕಿಗಳು ನನ್ನ ಕೌಂಟರಿನಲ್ಲಿ ಮೇಯನೀಸಿನ ಜೊತೆಗೆ ಬನ್ನನ್ನೂ ವಿಚಾರಿಸತೊಡಗಿದರು. ನಮ್ಮಲ್ಲಿಗೆ ಬರುವ ಮಾರವಾಡಿ, ಜೈನ ಮನೆಗಳವರು ಬೋರ್ಡಿನ ಮೇಲಿನ 'ಶುದ್ಧ ಶಾಕಾಹಾರಿ' ನಂಬಿ ಬರುವವರು. ಬೇಕರಿಯವನ ಬ್ರಷ್ಷಿನಿಂದ ಆ ನಂಬಿಕೆ ಹೋದರೆ ಆ ಮನೆಯವರು ಇಡ್ಲಿ ತಿನ್ನಲೂ ಬರುವುದಿಲ್ಲ.

ಇನ್ನೊಂದು ಪ್ರಶ್ನೆ ಇಂಪ್ರೂವರ್ ಪುಡಿಯದು. ಬ್ರೆಡ್ಡು ಉಬ್ಬಲು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಪುಡಿಯ ಪ್ಯಾಕೆಟ್ ತೋರಿಸಲು ಹೇಳಿ, ಓದಿ. ತೋರಿಸದವನ ಹತ್ತಿರ ವ್ಯಾಪಾರ ಬೇಡ.

ಅಳತೆ ಹೀಗೆ. 65 ಗ್ರಾಂ ಹಿಟ್ಟಿನ ಉಂಡೆ ಬೆಂದ ಮೇಲೆ ಹೆಚ್ಚು ಕಡಿಮೆ 58 ಗ್ರಾಂ ಆಗುತ್ತದೆ, ನಾಲ್ಕು ಇಂಚು ಅಗಲ. ಅದಕ್ಕೆ 80 ಗ್ರಾಂ ಪ್ಯಾಟಿ, ಬನ್ನಿನಷ್ಟೇ ಅಗಲ. ನಮ್ಮ ಪ್ಯಾಟಿ ಕುಗ್ಗದ ಕಾರಣ ಬನ್ನಿಗಿಂತ ದೊಡ್ಡದಾಗಿ ತಟ್ಟುವ ಅಗತ್ಯವಿಲ್ಲ. ಚಿಕ್ಕದಾದರೆ ಮಾತ್ರ ಅಂಚಿನಲ್ಲಿ ಬರೀ ಬನ್ನು ತಿನ್ನಿಸಿದ ಹಾಗಾಗುತ್ತದೆ. ಸಕ್ಕರೆ ಅರ್ಧ ಮಾಡಲು ನಾನು ಹೇಳಿದಾಗ ನಮ್ಮ ಬೇಕರಿಯ ಭಾಯಿ, 'ಸೇಠ್, ಬಣ್ಣ ಬರುವುದಿಲ್ಲ' ಎಂದ. ಅವನ ಮಾತು ಸರಿ, ಸಕ್ಕರೆ ಕಡಿಮೆಯಾದರೆ ಬಣ್ಣ ತಿಳಿಯಾಗುತ್ತದೆ. ಹಿಟ್ಟಿಗೆ ಸ್ವಲ್ಪ ಹಾಲಿನ ಪುಡಿ ಸೇರಿಸಿದ ಮೇಲೆ ಇಬ್ಬರಿಗೂ ಒಪ್ಪಿಗೆಯಾಯಿತು. ದಿನಕ್ಕೆ ಐವತ್ತು ಬನ್ನು ಖಾಯಂ ಎಂದರೆ ಚಿಕ್ಕ ಬೇಕರಿಯವನೂ ನಿಮ್ಮ ಅಳತೆಗೆ ಮಾಡಿಕೊಡುತ್ತಾನೆ. ಅಷ್ಟಕ್ಕಾಗಿ ಸ್ವಂತ ಒಲೆ, ಬೇಕರಿ ಮಾಸ್ಟರ್ ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ದಂಡ.

ಸ್ಯಾಂಪಲ್ ಬಂದಾಗ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೇಲೇಳಬೇಕು. ಕೊಯ್ದು ನೋಡಿ, ದೊಡ್ಡ ತೂತುಗಳಿದ್ದರೆ ಸಾಸು ಸೋರುತ್ತದೆ. ಆಮೇಲೆ ಪೂರ್ತಿ ಬರ್ಗರ್ ಕಟ್ಟಿ ಪಾರ್ಸೆಲ್ ಡಬ್ಬಿಯಲ್ಲಿ ಹದಿನೈದು ನಿಮಿಷ ಇಟ್ಟು, ತೆಗೆದು ಒಂದೇ ಕೈಯಲ್ಲಿ ಹಿಡಿಯಿರಿ. ತಳ ಹರಿಯದಿದ್ದರೆ ಆ ಬನ್ನು ಪಾಸು.

ಒಳ್ಳೆಯ ಬನ್ನೂ ಅಡುಗೆಮನೆಯಲ್ಲಿ ಕೆಡಬಹುದು. ಕೊಯ್ದ ಮುಖಕ್ಕೆ ಬೆಣ್ಣೆ ಹಚ್ಚಿ ಕಾವಲಿಯಲ್ಲಿ ಕೆಂಪಗೆ ಮಾಡಲೇಬೇಕು, ಆ ಪದರವೇ ಸಾಸನ್ನು ತಡೆಯುವುದು. ದೋಸೆ ಹುಯ್ಯುವ ನಡುಭಾಗದಲ್ಲಿ ಬೇಡ, ಅಲ್ಲಿ ಬೆಣ್ಣೆ ಕರಟುತ್ತದೆ. ಕಾವು ಕಡಿಮೆಯಿರುವ ಅಂಚು ಸಾಕು. ಈರುಳ್ಳಿ ದೋಸೆಯ ಕಾವಲಿಯಾದರೆ ಮೊದಲು ಒರೆಸಿ. ಟೊಮೆಟೊ ಬನ್ನಿಗೆ ನೇರ ತಾಗದಂತೆ ನಡುವೆ ಎಲೆಕೋಸು ಇಡಿ.

ಬಿಸಿ ಬನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತಂದರೆ ತಗೋಬೇಡಿ, ಒಳಗೆ ಬೆವರಿ ಮಳೆಗಾಲದಲ್ಲಿ ಬೇಗ ಬೂಷ್ಟು ಬರುತ್ತದೆ. ಉಳಿದದ್ದನ್ನು ಫ್ರಿಜ್ಜಿಗೆ ಹಾಕುವ ಅಭ್ಯಾಸ ನಮ್ಮವರಲ್ಲಿ ಬಹಳ. ಆ ತಂಪಿನಲ್ಲಿ ಬನ್ನು ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತದೆ. ಇಡಲೇಬೇಕಾದರೆ ಗಾಳಿಯಾಡದಂತೆ ಕಟ್ಟಿ ಡೀಪ್ ಫ್ರೀಜರಿನಲ್ಲಿಡಿ. ನಮ್ಮಲ್ಲಿ ರಾತ್ರಿ ಉಳಿದ ಬನ್ನು ಮರುದಿನ ಬರ್ಗರಿಗೆ ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದರೆ ಪ್ಯಾಟಿಗೆ ಹೊರಳಿಸಲು ಆಯಿತು. ಅದಕ್ಕೂ ಹೆಚ್ಚು ಉಳಿದ ದಿನ ತುಪ್ಪದಲ್ಲಿ ಕರಿದು, ಪಾಕ ಮತ್ತು ಹಾಲಿನಲ್ಲಿ ನೆನೆಸಿ ಡಬಲ್ ಕಾ ಮೀಠಾ ಮಾಡುತ್ತೇವೆ. ಮಧ್ಯಾಹ್ನದ ಊಟದ ಜೊತೆ ಅದು ಎರಡು ಗಂಟೆಯೊಳಗೆ ಖಾಲಿ.