ಪರಿಹಾರದ ಹಣಕ್ಕೆ ಎರಡು ನ್ಯಾಯವೇ?

ಮಾರ್ಚ್ ತಿಂಗಳು ಬಂತೆಂದರೆ ಕಾರ್ಕಳದ ಪದವುಗಳಲ್ಲಿ ಮುಳಿಹುಲ್ಲು ಒಣಗಿ ನಿಲ್ಲುತ್ತದೆ. ಒಂದು ಕಿಡಿ ಬಿದ್ದರೆ ಗುಡ್ಡದ ಬೆಂಕಿ ಗೇರು ತೋಟವನ್ನೂ ಅದರಂಚಿನ ಮನೆ, ಗೋದಾಮುಗಳನ್ನೂ ಬಿಡದು. ಸಂತ್ರಸ್ತರಿಗೆ ಪರಿಹಾರ ದೊರೆಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ದೊರೆತ ಪರಿಹಾರಕ್ಕೆ ತೆರಿಗೆ ಬೀಳಬೇಕೇ ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ವಿರಳ.

1961ರ ಆದಾಯ ತೆರಿಗೆ ಕಾಯ್ದೆಗೆ 2007ರ ಹಣಕಾಸು ಕಾಯ್ದೆಯು 10(10ಬಿಸಿ) ಎಂಬ ಉಪಬಂಧವನ್ನು ಸೇರಿಸಿತು. ಅದರಂತೆ ವಿಪತ್ತಿಗೆ ಸಿಲುಕಿದ ವ್ಯಕ್ತಿಗೆ ಅಥವಾ ಆತನ ವಾರಸುದಾರರಿಗೆ ಕೇಂದ್ರ, ರಾಜ್ಯ ಸರ್ಕಾರ ಇಲ್ಲವೇ ಸ್ಥಳೀಯ ಪ್ರಾಧಿಕಾರ ನೀಡುವ ಪರಿಹಾರ ತೆರಿಗೆಮುಕ್ತ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಮಾನವಕೃತ ಅವಘಡಗಳೂ ಸೇರಿರುವುದು ಸ್ವಾಗತಾರ್ಹ.

ತೊಡಕಿರುವುದು ಕೊಡುವ ಕೈ ಯಾವುದೆಂಬುದರಲ್ಲಿ. ವಿದ್ಯುತ್ ತಂತಿಯ ಕಿಡಿಯಿಂದ ಮನೆ ಸುಟ್ಟು, ವಿದ್ಯುತ್ ಕಂಪನಿ ಪರಿಹಾರ ಕೊಟ್ಟರೆ ಅದು ಈ ಉಪಬಂಧದ ಮಾತುಗಳೊಳಗೆ ಬರುವುದಿಲ್ಲ. ಸರ್ಕಾರಿ ಒಡೆತನದ ಕಂಪನಿಯೂ ಕಾನೂನಿನ ಕಣ್ಣಿಗೆ ಸರ್ಕಾರವಲ್ಲ. ವಿಮೆಯ ಹಣಕ್ಕೂ ಇದೇ ಗತಿ. 1999ರಲ್ಲಿ ಸೇರಿಸಲಾದ 45(1ಎ) ಉಪಬಂಧವು ಪ್ರಕೃತಿ ವಿಕೋಪ ಅಥವಾ ಆಕಸ್ಮಿಕ ಬೆಂಕಿಯಿಂದ ನಾಶವಾದ ಸ್ವತ್ತಿಗೆ ಬರುವ ವಿಮಾ ಮೊತ್ತದಲ್ಲಿ ಬಂಡವಾಳ ಲಾಭವನ್ನು ಲೆಕ್ಕಹಾಕುತ್ತದೆ. ಅಗ್ಗದ ಕಾಲದಲ್ಲಿ ಕಟ್ಟಿದ ಕಟ್ಟಡಕ್ಕೆ ಇಂದಿನ ದರದಲ್ಲಿ ಹಣ ಬಂದರೆ ಕಾಗದದ ಮೇಲೆ ಲಾಭ ಕಾಣುತ್ತದೆ. ಮರುನಿರ್ಮಾಣಕ್ಕೆ ಆ ಹಣ ಸಾಲದಿದ್ದರೂ ಲೆಕ್ಕ ಬದಲಾಗದು.

ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವಾದ್ದರಿಂದ ತೋಟದ ಬೆಳೆಗಾರರಿಗೆ ಇದರ ಬಿಸಿ ಅಷ್ಟಾಗಿ ತಟ್ಟದು. ಕಾಪುವಿನ ಅಂಗಡಿಯವರಿಗೆ, ಕಾರ್ಕಳದ ಗೇರುಬೀಜ ಕಾರ್ಖಾನೆಯವರಿಗೆ ತಟ್ಟುತ್ತದೆ. ಸ್ವಂತ ದುಡ್ಡಿನಿಂದ ವಿಮಾ ಕಂತು ಕಟ್ಟಿದ ವಿವೇಕಿಗೆ ತೆರಿಗೆ, ಸರ್ಕಾರದ ನೆರವು ಪಡೆದವರಿಗೆ ವಿನಾಯಿತಿ ಎಂಬುದು ಅರ್ಥಶಾಸ್ತ್ರಕ್ಕೂ ಒಪ್ಪುವಂಥದ್ದಲ್ಲ.

ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು 2018ರ ಕಾಡ್ಗಿಚ್ಚು ಸುಟ್ಟಾಗ 85 ಮಂದಿ ಮಡಿದರು. ವಿದ್ಯುತ್ ಕಂಪನಿಯ ಹಣದಿಂದ ರೂಪುಗೊಂಡ ನಿಧಿ ಸಂತ್ರಸ್ತರಿಗೆ ಪರಿಹಾರ ನೀಡಿತು. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಅಮೆರಿಕದ ಕಾಯ್ದೆಯೊಂದು, 2020ರಿಂದ 2025ರವರೆಗೆ ಪಡೆದ ಇಂಥ ಪರಿಹಾರಕ್ಕೆ ತೆರಿಗೆ ವಿನಾಯಿತಿ ನೀಡಿತು. ಅಲ್ಲಿ ನೋಡಿದ್ದು ನಷ್ಟವನ್ನು, ಕೊಟ್ಟವರನ್ನಲ್ಲ.

2025ರ ಹೊಸ ಆದಾಯ ತೆರಿಗೆ ಕಾಯ್ದೆ ಭಾಷೆಯನ್ನು ಸರಳಗೊಳಿಸಿತೇ ಹೊರತು ಈ ತಾರತಮ್ಯವನ್ನು ಅಳಿಸಲಿಲ್ಲ. ವಿನಾಯಿತಿ ದುರ್ಬಳಕೆಯಾದೀತೆಂಬ ಆತಂಕ ಸಹಜ. ಮೂರು ವರ್ಷದೊಳಗೆ ಮರುನಿರ್ಮಾಣಕ್ಕೆ ವೆಚ್ಚ ಮಾಡಿದಷ್ಟು ಮೊತ್ತಕ್ಕೆ ಮಾತ್ರ, ಯಾರೇ ಕೊಟ್ಟಿರಲಿ, ತೆರಿಗೆ ಬೇಡವೆಂದರೆ ಆ ಆತಂಕಕ್ಕೆ ಎಡೆಯಿರದು. ಸುಟ್ಟ ಮನೆಯನ್ನು ಮತ್ತೆ ಕಟ್ಟಿಕೊಂಡವರು ಲಾಭ ಮಾಡಿಕೊಂಡವರಲ್ಲ; ಕಳೆದುಕೊಂಡದ್ದನ್ನು ಮರಳಿ ಪಡೆದವರು.